ಇಲ್ಲೆ ಅಂದರೆ

ಆ ಕಾದಂಬರಿ ಅಂಥದ್ದೇನೂ ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಹೆಸರು ‘ನಿನ್ನ ಕೊಡೆ ನನ್ನ ಹತ್ರ ಇದೆ’. ಮುಖಪುಟದಲ್ಲಿ ಒಂದು ನೀಲಿ ಕೊಡೆ, ಅದರ ಕೆಳಗೆ ಎರಡು ಜೊತೆ ಕಾಲು. ಅರ್ಚಿತಾ ಎಂಬ ಹತ್ತೊಂಬತ್ತರ ಹುಡುಗಿ ಬಸ್ಸಿನಲ್ಲಿ ಕೊಡೆ ಮರೆತು ಇಳಿಯುತ್ತಾಳೆ. ಸುಹಾಸ ಎಂಬ ಹುಡುಗನಿಗೆ ಅದು ಸಿಗುತ್ತದೆ. ಇವತ್ತು ಕೊಡುತ್ತೇನೆ, ನಾಳೆ ಕೊಡುತ್ತೇನೆ ಎಂದು ಆ ಮಹಾರಾಯ ಇನ್ನೂರ ನಲವತ್ತು ಪುಟ ತಳ್ಳುತ್ತಾನೆ. ಭಟ್ಕಳದ ಹತ್ತಿರದ ನಮ್ಮ ತೆಂಗಿನಗುಂಡಿಯಲ್ಲಿ ಯಾರಾದರೂ ಮಳೆಗಾಲ ಪೂರ್ತಿ ಇನ್ನೊಬ್ಬರ ಕೊಡೆ ಇಟ್ಟುಕೊಂಡರೆ ಅದಕ್ಕೆ ಪ್ರೀತಿ ಅನ್ನುವುದಿಲ್ಲ, ಬೇರೆ ಹೆಸರಿದೆ. ಆದರೂ ನಾನೂ ಮಧುರಾಳೂ ಅದನ್ನು ಐದು ಸಲ ಓದಿದೆವು, ಐದು ಸಲವೂ ಒಂದೇ ಜಾಗದಲ್ಲಿ ಅತ್ತೆವು. ಅಷ್ಟು ಸುಖ ಕೊಟ್ಟ ಪುಸ್ತಕ ನನಗೆ ಇನ್ನೊಂದಿಲ್ಲ. ಈಗ ಅದನ್ನು ಕಣ್ಣಿಗೆ ಬೀಳದ ಹಾಗೆ ಇಟ್ಟಿದ್ದೇನೆ.

ನಾನು ದಿವ್ಯಶ್ರೀ. ಅಪ್ಪ ಬೋಟಿಗೆ ಹೋಗುತ್ತಾನೆ, ಅಮ್ಮ ಮೀನು ಒಣಗಿಸಿ ಮಾರುತ್ತಾಳೆ. ಮೂರು ವರ್ಷ ಭಟ್ಕಳದಿಂದ ಹೊನ್ನಾವರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಿ.ಕಾಂ. ಮಾಡಿದೆ. ಮಧುರಾ ಹವ್ಯಕರ ಹುಡುಗಿ. ಹೊನ್ನಾವರದಿಂದ ಹೊಳೆಗುಂಟ ಮೇಲಕ್ಕೆ ಒಂದೂವರೆ ತಾಸು ಹೋದರೆ ಅವರ ಊರು. ನಮ್ಮಿಬ್ಬರ ಸ್ನೇಹ ಶುರುವಾದದ್ದೇ ಒಂದು ತಪ್ಪಿನಿಂದ.

ಕಾಲೇಜಿನ ಮೊದಲ ದಿನ ಕ್ಲಾಸಿನಲ್ಲಿ ಕೂರಲು ಜಾಗವಿರಲಿಲ್ಲ. ಮೂರನೇ ಬೆಂಚಿನಲ್ಲಿ ಒಬ್ಬಳೇ ಒಬ್ಬಳು, ಬೆಳ್ಳಗೆ, ಸಪೂರ, ಪಕ್ಕದಲ್ಲಿ ಚೀಲ ಇಟ್ಟುಕೊಂಡು ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಹೋಗಿ, “ಎಲ್ಲಿ ಕೂರ್ಲಿ? ಇಲ್ಲಿ ಯಾರಾದ್ರೂ ಇದ್ದಾರಾ?” ಎಂದು ಕೇಳಿದೆ. ಅವಳು ನನ್ನ ಮುಖ ನೋಡುತ್ತ, “ಇಲ್ಲೆ, ಇಲ್ಲೆ” ಅಂದಳು. ಎಷ್ಟು ಒಳ್ಳೆಯ ಹುಡುಗಿ, ಇಲ್ಲೇ ಕೂರು ಅನ್ನುತ್ತಿದ್ದಾಳೆ ಎಂದುಕೊಂಡು ಅವಳ ಚೀಲ ಎತ್ತಿ ಕೆಳಗಿಟ್ಟು ಕೂತುಬಿಟ್ಟೆ. ಅವಳು ಕಣ್ಣು ದೊಡ್ಡದು ಮಾಡಿದಳು, ಆಮೇಲೆ ಸ್ವಲ್ಪ ಸರಿದು ಕೂತಳು.

ಹದಿನೈದು ದಿನ ಕಳೆದ ಮೇಲೆ ನಗುತ್ತ ಹೇಳಿದಳು. ಆ ಜಾಗ ಅವಳ ಊರಿನ ಇನ್ನೊಬ್ಬಳಿಗೆ ಹಿಡಿದದ್ದಂತೆ. ಫೋನಿನಲ್ಲಿ ಅವಳ ತಾಯಿ ತಿಂಡಿ ಆಯಿತಾ ಎಂದು ಕೇಳುತ್ತಿದ್ದರಂತೆ. “ನಮ್ಮಲ್ಲಿ ಇಲ್ಲೆ ಅಂದ್ರೆ ಇಲ್ಲ ಅಂತ, ದಿವ್ಯಾ. ನಾ ಆಯಿ ಹತ್ರ ತಿಂಡಿ ಆಗ್ಲಿಲ್ಲ ಹೇಳ್ತಿದ್ದೆ. ನೀ ಬಂದು ಕೂತೇ ಬಿಟ್ಟೆ.”

“ಮತ್ತೆ ಏಳು ಅನ್ಬೇಕಿತ್ತು ಮಾರಾಯ್ತಿ.”

“ಎಂತಕ್ಕೆ ಏಳಿಸೋದು? ಕೂತು ಆತಲ್ಲ” ಅಂದಳು.

ಆ ಒಂದು ಪದ ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು. ಆಮೇಲೆ ನನಗೆ ಅವರ ಮನೆಮಾತಿನ ಹುಚ್ಚು ಹಿಡಿಯಿತು. ಇದ್ದು ಅಂದರೆ ಇದೆ, ಬತ್ತೆ ಅಂದರೆ ಬರುತ್ತೇನೆ, ಬತ್ಯಾ ಅಂದರೆ ಬರುತ್ತೀಯಾ, ಇಲ್ಲೆ ಅಂದರೆ ಇಲ್ಲ. ಅವಳ ಹತ್ತಿರ ಕಲಿತು ಅವಳ ಮೇಲೆಯೇ ಪ್ರಯೋಗ ಮಾಡುತ್ತಿದ್ದೆ. ನಾನು ಬಾಯಿ ಬಿಟ್ಟರೆ ಅವಳು ಹೊಟ್ಟೆ ಹಿಡಿದುಕೊಂಡು ನಗುವಳು. ಒಮ್ಮೆ ಅವರ ಮನೆಗೆ ಹೋಗಿದ್ದಾಗ ಅವಳ ತಾಯಿ ಮೂಕಾಂಬಿಕಮ್ಮ ಇನ್ನಷ್ಟು ಪಾಯಸ ಬಡಿಸಲು ಬಂದರು. ನಾನು “ಹೊಟ್ಟೇಲಿ ಜಾಗ ಇಲ್ಲೆ” ಅಂದೆ. ಅವರು ಸೌಟು ಹಿಡಿದುಕೊಂಡೇ ನಿಂತು, “ಅಯ್ಯೋ, ನಮ್ಮ ಕೂಸೇ ಆತು ಇದು” ಅಂದರು. ಅವತ್ತು ನನಗೆ ಬಂದ ಗರ್ವ ಅಷ್ಟಿಷ್ಟಲ್ಲ. ಅಲ್ಪವಿದ್ಯಾ ಮಹಾಗರ್ವಿ ಎಂಬ ಗಾದೆ ಯಾರಿಗೋ ಹೇಳಿದ್ದು ಎಂದೇ ತಿಳಿದಿದ್ದೆ.

ಕಾದಂಬರಿ ಸಿಕ್ಕಿದ್ದು ಎರಡನೇ ವರ್ಷ, ಕುಮಟಾದಲ್ಲಿ. ಅಲ್ಲಿನ ಕಾಲೇಜಿನಲ್ಲಿ ಏನೋ ರಸಪ್ರಶ್ನೆ ಸ್ಪರ್ಧೆ. ನಾವು ಮೊದಲ ಸುತ್ತಿನಲ್ಲೇ ಹೊರಬಿದ್ದೆವು. ಬಸ್ಸಿಗೆ ಇನ್ನೂ ಹೊತ್ತಿತ್ತು, ಬಸ್‌ಸ್ಟ್ಯಾಂಡಿನ ಹತ್ತಿರ ಪುಸ್ತಕದ ಅಂಗಡಿಗೆ ನುಗ್ಗಿದೆವು. ಮಧುರಾ ಮೊದಲ ಪುಟ ಓದಿದಳು, ಎರಡನೇ ಪುಟ ಓದಿದಳು, ಅಂಗಡಿಯವನು ಕೆಮ್ಮಿದ. ಅರ್ಧರ್ಧ ಹಾಕಿ ಕೊಂಡೆವು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಗಟ್ಟಿಯಾಗಿ ಓದಿದಳು, ನಾನು ಕೇಳಿದೆ. ಸುಹಾಸ ಮೊದಲ ಸಲ ಅರ್ಚಿತಾಳಿಗೆ ಫೋನ್ ಮಾಡಿ, ಹೇಳಬೇಕಾದ್ದೆಲ್ಲ ಮರೆತು, “ನಿಮ್ಮ ಕೊಡೆಯ ಒಂದು ಕಡ್ಡಿ ಬಾಗಿದೆ” ಎಂದು ಇಟ್ಟುಬಿಡುವ ಕಡೆ ನಾವು ಎಷ್ಟು ನಕ್ಕೆವೆಂದರೆ ಮುಂದಿನ ಸೀಟಿನ ಬಾಯಮ್ಮ ತಿರುಗಿ ನೋಡಿ ತಾನೂ ನಕ್ಕಳು.

ಅಂಥ ಖುಷಿಯನ್ನು ಹೇಗೆ ಹೇಳುವುದು? ನಮಗಿಬ್ಬರಿಗೂ ಪ್ರೇಮಿ ಇರಲಿಲ್ಲ, ಇರುವ ಲಕ್ಷಣವೂ ಇರಲಿಲ್ಲ. ಆ ಸುಹಾಸನೇ ನಮಗೆ ಸಾಕಾಗಿತ್ತು. ಇಂಟರ್ನಲ್ಸ್‌ನಲ್ಲಿ ಕಮ್ಮಿ ಬಂದರೆ, “ಕೊಡೆಯ ಒಂದು ಕಡ್ಡಿ ಬಾಗಿದೆ” ಅನ್ನುವೆವು. ಪುಸ್ತಕ ಒಂದು ವಾರ ಅವಳ ಹತ್ತಿರ, ಒಂದು ವಾರ ನನ್ನ ಹತ್ತಿರ. ಅಂಚಿನಲ್ಲಿ ಪೆನ್ಸಿಲಿನಿಂದ ಟಿಪ್ಪಣಿ ಬರೆಯುವ ಚಟ ಶುರುವಾಯಿತು. ನಾನು ಅವಳ ಮನೆಮಾತಿನಲ್ಲಿ ಬರೆಯುತ್ತಿದ್ದೆ, ಅವಳನ್ನು ನಗಿಸಲಿಕ್ಕೆ. ಅವಳು ಮಾತ್ರ ಶಾಲೆಯ ಕನ್ನಡದಲ್ಲಿ ದುಂಡಗೆ, “ಇವನಿಗೆ ಬುದ್ಧಿ ಇಲ್ಲ”, “ಇವಳಿಗೆ ಬೇರೆ ಕೆಲಸ ಇಲ್ಲ” ಎಂದು ಬರೆಯುತ್ತಿದ್ದಳು. ದೀರ್ಘ ಹಾಕುವುದು ಮಾತ್ರ ಅವಳಿಗೆ ಯಾವಾಗಲೂ ಮರೆವು. ಕನ್ನಡ ಮೇಷ್ಟ್ರು ಒಂದು ದೀರ್ಘಕ್ಕೆ ಅರ್ಧ ಅಂಕ ಕಳೆಯುತ್ತಿದ್ದರು.

ನಾವು ಅತ್ತದ್ದು ನೂರಾ ಎಂಬತ್ತೇಳನೇ ಪುಟದಲ್ಲಿ. ಅರ್ಚಿತಾ ಓದಲು ಬೇರೆ ಊರಿಗೆ ಹೊರಟು ರೈಲ್ವೆ ಸ್ಟೇಷನ್ನಿನ ಮೆಟ್ಟಿಲ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತಾಳೆ. ಸುಹಾಸ ಬರುವುದಿಲ್ಲ. ಗಾಡಿ ಬರುತ್ತದೆ, ಅವಳು ಏಳುವುದಿಲ್ಲ. ಕೊನೆಗೆ ಬಂದೇ ಬರುತ್ತಾನೆ ಬಿಡಿ, ಇಂಥ ಪುಸ್ತಕಗಳಲ್ಲಿ ಬರದೆ ಇರುತ್ತಾರೆಯೇ. ಅಪ್ಸರಕೊಂಡದ ಮೇಲೆ ಸಮುದ್ರ ಕಾಣುವ ಕಡೆ ಕೂತು ಎರಡನೇ ಸಲ ಮುಗಿಸಿದಾಗ ಮಧುರಾ, “ನಮ್ಮ ಸ್ಟೇಷನ್ನಲ್ಲೂ ಅಂಥ ಬೆಂಚು ಇದ್ದು” ಅಂದಳು. ಅವತ್ತೇ ಹೊನ್ನಾವರ ಸ್ಟೇಷನ್ನಿಗೆ ಹೋಗಿ ನೋಡಿದೆವು. ಮೇಲ್ಸೇತುವೆಯ ಮೆಟ್ಟಿಲ ಕೆಳಗೆ ಕಲ್ಲುಬೆಂಚು ಇತ್ತು. ಒಂದು ನಾಯಿ ಅದರ ಮೇಲೆ ಮಲಗಿತ್ತು. ನಾಯಿಯನ್ನು ಎಬ್ಬಿಸಿ ನಾವು ಕೂತೆವು. ಎಂ.ಕಾಂ.ಗೆ ಇಬ್ಬರೂ ಮಂಗಳೂರಿಗೆ ಹೋಗುವುದು, ಇದೇ ಬೆಂಚಿನಿಂದ ಗಾಡಿ ಹತ್ತುವುದು ಎಂದು ಅಲ್ಲಿಯೇ ತೀರ್ಮಾನವಾಯಿತು.

ಡಿಗ್ರಿ ಮುಗಿಯಿತು. ಹೊನ್ನಾವರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ನಾನು ಕೆಲಸಕ್ಕೆ ಸೇರಿದೆ. ಇಬ್ಬರ ಎಂ.ಕಾಂ. ಅರ್ಜಿಯನ್ನೂ ಅಲ್ಲಿಂದಲೇ ಹಾಕಿದೆ. ಸ್ಕ್ಯಾನ್ ಮಾಡಲೆಂದು ಮಧುರಾ ತನ್ನ ಅಂಕಪಟ್ಟಿಗಳನ್ನೆಲ್ಲ ಕೊಟ್ಟಿದ್ದಳು, ಅವು ನನ್ನ ಫೈಲಿನಲ್ಲೇ ಉಳಿದವು. ಅಷ್ಟರಲ್ಲಿ ಅವಳ ಮನೆಯಲ್ಲಿ ಬೇರೆ ಮಾತು ಎದ್ದಿತು.

ಅವಳಿಗೆ ಒಬ್ಬನೇ ಅಣ್ಣ, ಪ್ರದೀಪಣ್ಣ. ವಯಸ್ಸು ಮೂವತ್ತಾರು, ಮನೆಯಲ್ಲೇ ಇದ್ದು ತೋಟ ನೋಡಿಕೊಳ್ಳುವವನು, ಮಾತು ಕಡಿಮೆ. ಹತ್ತು ವರ್ಷದಿಂದ ಹುಡುಗಿ ನೋಡಿ ನೋಡಿ ಸೋತಿದ್ದರು. ತೋಟದ ಹುಡುಗನಿಗೆ ಈಗ ಯಾರೂ ಹೆಣ್ಣು ಕೊಡುವುದಿಲ್ಲ, ಓದಿದ ಹುಡುಗಿಯರು ಒಪ್ಪುವುದೂ ಇಲ್ಲ. ಘಟ್ಟದ ಮೇಲಿನ ಒಂದು ಮನೆಯವರು ಒಪ್ಪಿದರು. ಆದರೆ ಅವರ ಮನೆಯಲ್ಲೂ ಇದೇ ಕಥೆ, ಮಗನಿಗೆ ಮೂವತ್ತೈದು. ಅವರ ಮಗಳು ಈ ಮನೆಗೆ, ಈ ಮನೆಯ ಮಗಳು ಅವರ ಮನೆಗೆ. ಕೊಟ್ಟು ತಂದುಕೊಳ್ಳುವ ಸಂಬಂಧ. ಒಂದು ಆದರೆ ಎರಡೂ, ಒಂದು ಮುರಿದರೆ ಎರಡೂ.

ಮಧುರಾ ಬೇಡ ಅಂದಳು. ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಅವಳಿಗೆ ಸಿಟ್ಟಾದರೂ ಬರುತ್ತಿತ್ತು. ತಂದೆ ವೆಂಕಟ್ರಮಣ ಹೆಗಡೆಯವರು ರಾತ್ರಿ ಊಟ ಬಿಟ್ಟರು. ಮೂಕಾಂಬಿಕಮ್ಮ ಅನ್ನ ಬಡಿಸುವಾಗ, ಬಟ್ಟೆ ಮಡಿಸುವಾಗ ಸುಮ್ಮನೆ ಕಣ್ಣೀರು ಹಾಕಿದರು. ಅವಳ ಮೊಬೈಲ್ ರಿಪೇರಿಗೆ ಹೋಯಿತು. ಆರು ವಾರ ರಿಪೇರಿಯಲ್ಲೇ ಇತ್ತು. ನಾನು ಮೂಕಾಂಬಿಕಮ್ಮನ ನಂಬರಿಗೆ ಮಾಡಿದರೆ, “ಮಧುರಾ ಮಲಗಿದ್ದಾಳೆ ತಂಗೀ” ಅನ್ನುತ್ತಿದ್ದರು, ಬೆಳಿಗ್ಗೆ ಹನ್ನೊಂದಕ್ಕೂ.

ಉಳಿದದ್ದು ಕಾದಂಬರಿ ಒಂದೇ. ಪ್ರದೀಪಣ್ಣ ಪ್ರತಿ ಶನಿವಾರ ಪೇಟೆಗೆ ಬರುತ್ತಿದ್ದ. ಪಹಣಿಯದ್ದೋ ಇನ್ನೊಂದರದ್ದೋ ಝೆರಾಕ್ಸ್ ಮಾಡಿಸಲು ನಮ್ಮ ಅಂಗಡಿಗೂ ಬರುತ್ತಿದ್ದ. ಒಂದು ಶನಿವಾರ ಕೈಚೀಲದಿಂದ ಪುಸ್ತಕ ತೆಗೆದು, “ಕೊಟ್ಟು ಬಾ ಅಂದ್ಳು. ವಾಪಸ್ ಕೊಡ್ಬೇಕಂತೆ” ಅಂದ. ಒಳಗೆ ಅಂಚಿನಲ್ಲಿ, ಮಧುರಾಳ ದುಂಡು ಅಕ್ಷರ: “ಫೋನ್ ಕಸಿದಿದ್ದಾರೆ. ಇದರಲ್ಲಿ ಬರೆ.”

ಹಾಗೆ ನಾಲ್ಕೈದು ವಾರ ನಡೆಯಿತು. ಯಾರ ಸಲುವಾಗಿ ಅವಳನ್ನು ಕೊಡುತ್ತಿದ್ದರೋ ಅವನ ಕೈಯಲ್ಲೇ ನಮ್ಮ ಪತ್ರ. ಪ್ರದೀಪಣ್ಣ ಪುಸ್ತಕ ಕೊಡುವಾಗ ಒಮ್ಮೆಯೂ ನನ್ನ ಮುಖ ನೋಡುತ್ತಿರಲಿಲ್ಲ. “ಓದ್ಕೊಂಡಿರ್ಲಿ ಪಾಪ” ಅನ್ನುತ್ತಿದ್ದ. ನನಗೆ ಅವನ ಮೇಲೆ ಉರಿಯುತ್ತಿತ್ತು. ಪೆಟ್ಟಿಗೆಯಲ್ಲಿ ಇಟ್ಟ ಪಂಚೆಯ ಹಾಗೆ ಮಡಚಿಕೊಂಡೇ ಇರುವವನು, ತಂಗಿಯನ್ನು ಕೊಟ್ಟು ಹೆಂಡತಿಯನ್ನು ತರಲು ಹೊರಟಿದ್ದಾನೆ ಎಂದು ಮನಸ್ಸಿನಲ್ಲಿ ಬೈದುಕೊಳ್ಳುತ್ತಿದ್ದೆ.

ಮಂಗಳೂರಿನ ಕೌನ್ಸೆಲಿಂಗ್ ದಿನಾಂಕ ಬಂತು, ಒಂದು ಸೋಮವಾರ, ಅದನ್ನೂ ಪುಸ್ತಕದಲ್ಲಿ ಬರೆದು ತಿಳಿಸಿದೆ. ಮೆರಿಟ್ ಪಟ್ಟಿಯಲ್ಲಿ ಅವಳ ಹೆಸರು ನನಗಿಂತ ಬಹಳ ಮೇಲಿತ್ತು, ಹೋದರೆ ಸೀಟು ಖಂಡಿತ. ಅಲ್ಲಿ ನನ್ನ ಚಿಕ್ಕಮ್ಮನ ಮಗಳು ಲೇಡೀಸ್ ಹಾಸ್ಟೆಲ್ ನೋಡಿಟ್ಟಿದ್ದಳು. ಮಧುರಾ ಒಮ್ಮೆ ಮನೆಯಿಂದ ಹೊರಗೆ ಕಾಲಿಟ್ಟರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುವವಳಿದ್ದೆ. ಆದರೆ ಅವಳ ಮನಸ್ಸು ಅಲ್ಲಾಡುತ್ತಿತ್ತು. ಹಿಂದಿನ ವಾರ ಬರೆದಿದ್ದಳು: “ಅಣ್ಣ ಊಟಕ್ಕೆ ಕೂತಾಗ ನೋಡಿದೆ. ಪಾಪ ಅನ್ನಿಸಿತು.” ಅದನ್ನು ಓದಿದ ಕೂಡಲೇ ಪೆನ್ಸಿಲ್ ಹುಡುಕಿದೆ. ನೂರಾ ಎಂಬತ್ತೇಳನೇ ಪುಟ ತೆಗೆದು ಬೆಂಚಿನ ಸಾಲಿನ ಪಕ್ಕದಲ್ಲೇ ಬರೆದೆ. ಅವಳ ಮನೆಮಾತಿನಲ್ಲೇ ಬರೆದೆ, ಮನಸ್ಸಿಗೆ ತಟ್ಟಲಿ ಎಂದು. “ಸೋಮವಾರ ಬೆಳಿಗ್ಗೆ ಗಾಡಿಗೆ ಬತ್ಯಾ? ಎಲ್ಲಿ ಕಾಯಲಿ?”

ಉತ್ತರ ಶನಿವಾರ ಬಂತು. ಅವತ್ತು ಪ್ರದೀಪಣ್ಣ ಪುಸ್ತಕ ಕೊಟ್ಟು ಹೋಗಲಿಲ್ಲ, ಕೌಂಟರಿನ ಹತ್ತಿರವೇ ನಿಂತ. ಮೊದಲ ಸಲ ನನ್ನ ಮುಖ ನೋಡಿದ.

“ಅವ್ಳು ಎಲ್ಲೂ ಒಬ್ಳೇ ಹೋದವ್ಳಲ್ಲ. ನೀನು ಜೊತೆಗಿರ್ತ್ಯಲ್ಲ ತಂಗೀ?” ಅಂದ.

ಮದುವೆಯ ದಿನ ಜೊತೆಗಿರು ಅನ್ನುತ್ತಿದ್ದಾನೆ ಎಂದುಕೊಂಡೆ. ಎಷ್ಟು ಧೈರ್ಯ ಇವನಿಗೆ ಅನ್ನಿಸಿತು. “ನೋಡ್ವ” ಎಂದು ಮುಖ ತಿರುಗಿಸಿದೆ. ಅವನು ಹೋದ ತಕ್ಷಣ ಪುಟ ತೆಗೆದೆ. ನನ್ನ ಪ್ರಶ್ನೆಯ ಕೆಳಗೆ ಒಂದೇ ಪದ ಇತ್ತು.

“ಇಲ್ಲೆ.”

ಮತ್ತೊಮ್ಮೆ ಓದಿದೆ. ಬೇರೆ ಪುಟಗಳಲ್ಲಿ ಹುಡುಕಿದೆ, ಒಂದು ಸಾಲು, ಒಂದು ಕಾರಣ, ಏನೂ ಇಲ್ಲ. ಬರುವುದಿಲ್ಲ ಎಂದು ಒಂದೇ ಪದದಲ್ಲಿ ಮುಗಿಸಿದ್ದಾಳೆ. ಅದೂ ತನ್ನ ಮನೆಮಾತಿನಲ್ಲಿ, ಅಂದರೆ ತಾನು ಆ ಮನೆಯವಳೇ ಎಂದು. ಕಣ್ಣಲ್ಲಿ ನೀರು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಬೇರೆ ಯಾರಾದರೂ ಆಗಿದ್ದರೆ ಆ ಪದ ನೋಡಿ ಒಂದು ನಿಮಿಷ ಯೋಚಿಸುತ್ತಿದ್ದರೋ ಏನೋ. ನಾನು ಯೋಚಿಸಲಿಲ್ಲ. ಇಲ್ಲೆ ಅಂದರೆ ಏನು ಎಂದು ನನಗೆ ಗೊತ್ತಿತ್ತಲ್ಲ. ಆ ಪದದಲ್ಲಿ ಒಂದು ಸಲ ಮೋಸ ಹೋದವಳು ನಾನು, ಇನ್ನೊಂದು ಸಲ ಹೋಗುವವಳಾಗಿರಲಿಲ್ಲ.

ಸೋಮವಾರ ನಾನು ಹೊನ್ನಾವರಕ್ಕೆ ಹೋಗಲಿಲ್ಲ. ಹೋಗುವ ಕೆಲಸವೇನಿತ್ತು? ಅದೇ ಗಾಡಿಯನ್ನು ಭಟ್ಕಳದಲ್ಲಿ ಹತ್ತಿದೆ. ಹೊನ್ನಾವರದಲ್ಲಿ ನಿಂತು, ಅಲ್ಲಿಂದ ಬರುವ ಗಾಡಿ. ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. ಅಮ್ಮ ಕಟ್ಟಿಕೊಟ್ಟ ಅವಲಕ್ಕಿ ತಿಂದೆ.

ಮಂಗಳೂರಿನಲ್ಲಿ ದೊಡ್ಡ ಹಾಲಿನಲ್ಲಿ ಕೂರಿಸಿ ಒಬ್ಬೊಬ್ಬರ ಹೆಸರು ಕರೆಯುತ್ತಿದ್ದರು. “ಮಧುರಾ ವೆಂಕಟ್ರಮಣ ಹೆಗಡೆ” ಎಂದು ಕರೆದರು. ಮತ್ತೆ ಕರೆದರು. ಅವಳ ಅಂಕಪಟ್ಟಿಗಳು ನನ್ನ ತೊಡೆಯ ಮೇಲಿದ್ದವು. ಮೂರನೇ ಸಲ ಕರೆದು ಗೈರು ಎಂದು ಬರೆದುಕೊಂಡರು. ಆಗಲೂ ನನಗೆ ದುಃಖ ಆಗಲಿಲ್ಲ, ಅನುಭವಿಸು ಅನ್ನಿಸಿತು. ನನ್ನ ಹೆಸರು ಸಂಜೆ ನಾಲ್ಕಕ್ಕೆ ಬಂತು, ಸೀಟು ಸಿಕ್ಕಿತು.

ಆಮೇಲೆ ಅವಳಿಂದ ಸುದ್ದಿ ಬರಲಿಲ್ಲ, ನಾನೂ ಫೋನ್ ಮಾಡಲಿಲ್ಲ. ಕಾರ್ತಿಕ ಕಳೆದ ಮೇಲೆ ಎರಡು ಮದುವೆಯೂ ಒಂದೇ ದಿನ, ಒಂದೇ ಹಾಲಿನಲ್ಲಿ ಎಂದು ಪ್ರದೀಪಣ್ಣ ಕರೆಯೋಲೆಯ ಫೋಟೋ ಕಳಿಸಿದ. ಪರೀಕ್ಷೆ ಇದೆ ಅಂದೆ. ಪರೀಕ್ಷೆ ಇರಲಿಲ್ಲ. ಹೋಗದಿದ್ದರೆ ಸಾಕಿತ್ತು, ನನ್ನ ಉರಿ ಅಷ್ಟಕ್ಕೇ ಆರಲಿಲ್ಲ. ಆ ಕಾದಂಬರಿಯನ್ನೇ ಉಡುಗೊರೆಯ ಕಾಗದದಲ್ಲಿ ಸುತ್ತಿ, ಅವಳ ಅಂಕಪಟ್ಟಿಗಳನ್ನು ಒಳಗಿಟ್ಟು, ಕೊರಿಯರ್ ಮಾಡಿದೆ. ಮೊದಲ ಪುಟದಲ್ಲಿ ಪೆನ್ನಿನಿಂದ ಬರೆದೆ: “ಬತ್ಯಾ ಅಂದರೆ ‘ಇಲ್ಲೆ’ ಅಂದವಳಿಗೆ. ಸುಖವಾಗಿರು.” ಎಷ್ಟು ಚೆನ್ನಾಗಿ ಬರೆದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಸಂಕ್ರಾಂತಿ ರಜೆಗೆ ಊರಿಗೆ ಬಂದಿದ್ದೆ. ಹಳೆಯ ಅಂಗಡಿಯಲ್ಲಿ ಪ್ರಾಜೆಕ್ಟಿನ ಪ್ರಿಂಟು ತೆಗೆಸಲು ಹೊನ್ನಾವರಕ್ಕೆ ಹೋದೆ. ಶನಿವಾರ. ಪ್ರದೀಪಣ್ಣ ಬಂದ. ಮದುವೆಯಾದ ಗಂಡಸಿನ ಕಳೆ ಏನೂ ಇರಲಿಲ್ಲ, ಇನ್ನಷ್ಟು ಮಡಚಿಕೊಂಡಿದ್ದ. ನನ್ನನ್ನು ನೋಡಿ ಬಾಗಿಲಲ್ಲೇ ನಿಂತ. ಆಮೇಲೆ ಕೈಚೀಲದಿಂದ ಅದೇ ಪುಸ್ತಕ ತೆಗೆದು ಕೌಂಟರಿನ ಮೇಲಿಟ್ಟ.

“ಒಂದೂವರೆ ತಿಂಗ್ಳಿಂದ ಚೀಲದಲ್ಲೇ ಇದೆ. ನೀನು ಸಿಕ್ರೆ ಕೊಡು ಅಂದಿದ್ಳು” ಅಂದ.

“ನಂಗೆ ಬೇಡ.”

“ಒಂದು ಮಾತು ಕೇಳ್ಬೇಕಿತ್ತು ತಂಗೀ. ಅವತ್ತು ಎಂತಕ್ಕೆ ಬರ್ಲಿಲ್ಲ ನೀನು?”

“ಎಲ್ಲಿಗೆ?”

“ಸ್ಟೇಷನ್ನಿಗೆ.”

ಅವನ ಮುಖ ನೋಡಿದೆ. ತಮಾಷೆ ಮಾಡುವ ಮನುಷ್ಯನಲ್ಲ. ಅಂಗಡಿಯ ಎದುರಿನ ಕಟ್ಟೆಯ ಮೇಲೆ ಕೂತು ಅವನು ಹೇಳಿದ, ನಿಧಾನಕ್ಕೆ, ಮಧ್ಯ ಮಧ್ಯ ನಿಲ್ಲಿಸಿ.

ಅವನೂ ಕಾದಂಬರಿ ಓದುತ್ತಿದ್ದನಂತೆ. ಬಸ್ಸಿನಲ್ಲಿ ಒಂದೂವರೆ ತಾಸು ಬೇರೇನು ಕೆಲಸ? “ನಿಮ್ಮ ಪೆನ್ಸಿಲ್ ಬರಹಕ್ಕೆ ಅಂತಲ್ಲ. ಆ ಹುಡ್ಗ ಕೊಡೆ ವಾಪಸ್ ಕೊಡ್ತ್ನೋ ಇಲ್ವೋ ನೋಡ್ವ ಅಂತ” ಅಂದ. ಆ ಶನಿವಾರ ನೂರಾ ಎಂಬತ್ತೇಳನೇ ಪುಟಕ್ಕೆ ಬಂದಾಗ ನಮ್ಮ ಪ್ರಶ್ನೋತ್ತರವನ್ನೂ ಓದಿದ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ತಂಗಿ ಹೋದರೆ ತನ್ನ ಮದುವೆಯೂ ಹೋಯಿತು ಎಂದು ಗೊತ್ತಿತ್ತು, ಆದರೂ ಸುಮ್ಮನಿದ್ದ. ಭಾನುವಾರ ಅಪ್ಪನ ಪೆಟ್ಟಿಗೆಯಿಂದ ಅವಳ ಆಧಾರ್ ಕಾರ್ಡ್ ತೆಗೆದು ಅಂಗಿಯ ಜೇಬಿನಲ್ಲಿಟ್ಟುಕೊಂಡ. ಅದಿಲ್ಲದಿದ್ದರೆ ಕೌನ್ಸೆಲಿಂಗಿನಲ್ಲಿ ಬಿಡುವುದಿಲ್ಲ ಎಂದು ಅವಳಿಗೆ ತಲೆಗೇ ಹೋಗಿರಲಿಕ್ಕಿಲ್ಲ ಎಂದುಕೊಂಡ. ಸೋಮವಾರ ಅವಳು ದೇವಸ್ಥಾನಕ್ಕೆ ಎಂದು ಹೇಳಿ ಮೊದಲ ಬಸ್ಸಿಗೆ ಹೊರಟಳು, ಅವನು ಬೈಕಿನಲ್ಲಿ ಹಿಂದೆ ಬಂದ.

“ಆ ಬೆಂಚಿನ ಮೇಲೇ ಕೂತಿದ್ಳು. ನಾ ಕಂಬದ ಹಿಂದೆ ನಿಂತಿದ್ದೆ. ಎದುರು ಬಂದ್ರೆ ಹಿಡೀಲಿಕ್ಕೆ ಬಂದಿದ್ದೆ ಅಂದ್ಕೊಂಡು ಹೆದ್ರ್ತಾಳೆ. ನೀ ಬಂದ ಮೇಲೆ ನಿನ್ನ ಕೈಗೆ ಕಾರ್ಡ್ ಕೊಟ್ಟು ಹೋಗ್ವ ಅಂತ. ಗಾಡಿ ಬಂತು. ಒಂದೊಂದೇ ಡಬ್ಬಿಯ ಕಿಟಕಿ ನೋಡ್ತಾ ಓಡಿದ್ಳು, ಕೊನೇವರೆಗೆ. ಗಾಡಿ ಹೋತು. ಮತ್ತೆ ಬಂದು ಅಲ್ಲೇ ಕೂತ್ಳು.”

ನಾನು ಅಡ್ಡ ಬಾಯಿ ಹಾಕಿದೆ. “ನಂಗೊಂದು ಫೋನ್ ಮಾಡ್ಬಹುದಿತ್ತು. ಯಾರದ್ದಾದ್ರೂ ಫೋನ್ ಕೇಳಿ.”

“ಕೇಳಿದ್ಳು. ಟಿಕೆಟ್ ಕೌಂಟರಿನವರ ಹತ್ರ. ನಿನ್ನ ನಂಬರ್ ಬಾಯಿಗೆ ಬರ್ಲಿಲ್ಲ ಅವ್ಳಿಗೆ. ಮೂರು ಸಲ ಎಂತೆಂತದೋ ಒತ್ತಿದ್ಳು, ಯಾರ್ಯಾರೋ ಎತ್ತಿದ್ರು.”

ಈಗ ಯಾರಿಗೆ ಯಾರ ನಂಬರು ಬಾಯಿಗೆ ಬರುತ್ತದೆ? ನನಗೂ ಅವಳದ್ದು ಬರುತ್ತಿರಲಿಲ್ಲ.

“ಮಧ್ಯಾಹ್ನ ಎರಡರವರೆಗೆ ಕೂತಿದ್ಳು. ಊಟ ಇಲ್ಲ, ನೀರಿಲ್ಲ. ಕೊನೆಗೆ ನಾನೇ ಎದುರು ಹೋಗಿ ನಿಂತೆ. ಬೈಯಲಿಲ್ಲ, ಹೆದರ್ಲೂ ಇಲ್ಲ. ‘ಅಣ್ಣಾ, ದಿವ್ಯಂಗೆ ಎಂತಾರೂ ಆಗಿರ್ಬೇಕು, ಬಸ್ಸು ಗಿಸ್ಸು ಎಲ್ಲಾದ್ರೂ ಬಿತ್ತಾ ವಿಚಾರ್ಸು’ ಅಂದ್ಳು. ನಾ ಅಲ್ಲಿಂದ್ಲೇ ನಿಂಗೆ ಮಾಡ್ದೆ. ನಿನ್ನ ಫೋನ್ ಆಫ್ ಇತ್ತು.”

ಹಾಲಿನ ಒಳಗೆ ಫೋನ್ ಬಂದ್ ಮಾಡಿಸಿದ್ದರು. ಅದೇ ಹೊತ್ತಿನಲ್ಲಿ ಅವಳ ಹೆಸರು ಕರೆದದ್ದು.

“ಸಂಜೆ ಮನೆಗೆ ಬಂದ ಮೇಲೆ ನಿನ್ನ ಸ್ಟೇಟಸ್ ನೋಡ್ದೆ. ಸೀಟು ಸಿಕ್ತು ಅಂತ ಹಾಕಿದ್ಯಲ್ಲ, ನಗ್ತಾ ನಿಂತ ಫೋಟೋ. ಅವ್ಳಿಗೂ ತೋರಿಸ್ದೆ, ನಿಂಗೆ ಎಂತೂ ಆಗ್ಲಿಲ್ಲ, ಆರಾಮ ಇದ್ದಿ ಅಂತ ಸಮಾಧಾನ ಆಗ್ಲಿ ಅಂತ. ತೋರಿಸ್ಬಾರ್ದಿತ್ತು ನಾನು. ನೋಡಿ ಫೋನ್ ವಾಪಸ್ ಕೊಟ್ಳು. ಅಡಿಗೆಮನೆಗೆ ಹೋಗಿ ಆಯಿ ಹತ್ರ ‘ಆತು’ ಅಂದ್ಳು. ಅಷ್ಟೇ. ನಾ ಬೇಡ ಅಂದೆ, ಈ ಮದ್ವೆ ಬೇಡ, ನಂಗೂ ಬೇಡ ಅಂದೆ. ‘ಆತು ಅಂದೆನಲ್ಲ ಅಣ್ಣ, ಬಿಡು’ ಅಂದ್ಳು.”

ನಾನು ಅವನ ಕೈಯಿಂದ ಪುಸ್ತಕ ಕಿತ್ತುಕೊಂಡು, ಬಿಚ್ಚದೆಯೇ ಅವನ ಮುಖಕ್ಕೆ ಹಿಡಿದೆ. “ಇಲ್ಲೆ ಅಂತ ಬರ್ದಿದ್ಳಲ್ಲ ಪ್ರದೀಪಣ್ಣ. ನಿಮ್ಮ ಭಾಷೇಲಿ ಇಲ್ಲೆ ಅಂದ್ರೆ ಇಲ್ಲ ಅಂತ ಅಲ್ಲವಾ? ಬತ್ಯಾ ಅಂತ ಕೇಳ್ದೆ, ಇಲ್ಲೆ ಅಂದ್ಳು. ನಂಗೆ ಗೊತ್ತಿಲ್ವಾ?”

ಅವನು ಪುಸ್ತಕವನ್ನು ಮೆಲ್ಲಗೆ ನನ್ನ ಮಡಿಲಿಗೇ ಇಟ್ಟ.

“ಅದು ಬಾಯಲ್ಲಿ ಆಡೋದು ತಂಗೀ” ಅಂದ. “ಬರೆಯೋವಾಗ ನಾವು ಇಲ್ಲ ಅಂತ್ಲೇ ಬರೆಯೋದು. ಶಾಲೇಲಿ ಕಲ್ತದ್ದು ಹಾಗೇ ಅಲ್ದಾ? ಈ ಪುಸ್ತಕದಲ್ಲಿ ಅವ್ಳು ಬರ್ದದ್ದೆಲ್ಲ ನೋಡು. ಬುದ್ಧಿ ಇಲ್ಲ, ಕೆಲ್ಸ ಇಲ್ಲ. ಎಲ್ಲಾದ್ರೂ ಒಂದು ಇಲ್ಲೆ ಇದ್ಯಾ? ನೀನು ಎಲ್ಲಿ ಕಾಯ್ಲಿ ಕೇಳಿದ್ದಿ. ಬೆಂಚಿನ ಪಕ್ಕ ಬರ್ದಿದ್ದಿ. ನಿನ್ನ ಕನ್ನಡದಲ್ಲಿ ಉತ್ರ ಕೊಟ್ಳು ಅವ್ಳು. ನಾ ಓದಿದ ಕೂಡ್ಲೆ ತಿಳ್ಕೊಂಡೆ.”

ಅವಳ ಭಾಷೆ ನನಗೆ ಗೊತ್ತು ಎಂದು ನಾನು ಮೆರೆಯುತ್ತಿದ್ದೆ. ಅವಳು ಮಾತ್ರ ಮೊದಲಿನಿಂದಲೂ, ಹೇಳಿಕೊಳ್ಳದೆ, ನನಗೆ ತಿಳಿಯುವ ಕನ್ನಡದಲ್ಲೇ ಬರೆಯುತ್ತಿದ್ದಳು. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬರುತ್ತೀಯಾ ಎಂಬುದಕ್ಕೆ ಅವಳು ಉತ್ತರವನ್ನೇ ಬರೆದಿರಲಿಲ್ಲ. ಬರುತ್ತೇನೆ ಎಂಬುದು ಅವಳಿಗೆ ಬರೆಯುವ ಮಾತೇ ಆಗಿರಲಿಲ್ಲ.

ಪ್ರದೀಪಣ್ಣ ಎದ್ದ. “ಅವ್ಳ ಹತ್ರ ಈಗ ಬೇರೆ ಫೋನ್ ಇದೆ. ನಂಬರ್ ಕೊನೇ ಪುಟದಲ್ಲಿ ಬರ್ದಿದ್ದೆ, ನಾನೇ. ಅವ್ಳು ಹೇಳ್ಲಿಲ್ಲ” ಅಂದ. ಮೂರು ಹೆಜ್ಜೆ ಹೋಗಿ ತಿರುಗಿದ. “ಕೊನೆಗೆ ಅವ್ನು ಕೊಡೆ ಕೊಡ್ಲೇ ಇಲ್ಲ ಅಲ್ದಾ? ಇಬ್ರೂ ಒಂದೇ ಮನೆಗೆ ಬಂದ ಮೇಲೆ ವಾಪಸ್ ಕೊಡೋದು ಎಂತಕ್ಕೆ ಅಂತ. ಚಂದ ಇದೆ ಪುಸ್ತಕ.”

ಭಟ್ಕಳದ ಬಸ್ಸಿನಲ್ಲಿ ಕೂತ ಮೇಲೆ ಪುಸ್ತಕ ಬಿಚ್ಚಿದೆ. ಮೊದಲ ಪುಟದಲ್ಲಿ ನಾನು ಪೆನ್ನಿನಿಂದ ಕೊರೆದದ್ದು ಹಾಗೇ ಇತ್ತು. ಉಡುಗೊರೆ ಮದುವೆಯ ಹಿಂದಿನ ದಿನ ತಲುಪಿತ್ತು ಎಂದು ಪ್ರದೀಪಣ್ಣ ಹೇಳಿದ್ದ. ಕೈಗೆ ಮದರಂಗಿ ಹಚ್ಚಿಸಿಕೊಳ್ಳುವ ಮೊದಲು ಅವಳು ಅದನ್ನು ಓದಿದ್ದಾಳೆ. ಓದಿ, ನಾನು ಬರದೆ ಇದ್ದದ್ದು ಯಾಕೆ ಎಂದು ಆಗ ಅವಳಿಗೆ ತಿಳಿದಿದೆ. ಅದು ತಿಳಿದ ಮೇಲೆ ಮರುದಿನ ಹೋಗಿ ಮಂಟಪದಲ್ಲಿ ಕೂತಿದ್ದಾಳೆ. ಬೈಗುಳ ಏನಾದರೂ ಇದೆಯಾ ಎಂದು ಒಂದೊಂದೇ ಪುಟ ತಿರುವಿದೆ. ಒಂದು ಬೈಗುಳ ಸಿಕ್ಕಿದ್ದರೆ ನನಗೆ ಉಸಿರಾಡಲು ಬರುತ್ತಿತ್ತು.

ನೂರಾ ಎಂಬತ್ತೇಳನೇ ಪುಟದಲ್ಲಿ ಪೆನ್ಸಿಲಿನ ಆ ಪದ ಮಾಸಿತ್ತು. ಅದರ ಪಕ್ಕದಲ್ಲಿ ನೀಲಿ ಪೆನ್ನಿನಿಂದ, ದುಂಡಗೆ, ಒತ್ತಿ, ಒಂದು ದೀರ್ಘ ಸೇರಿಸಿದ್ದಳು. ಇಲ್ಲೇ. ಬೇರೆ ಏನೂ ಬರೆದಿರಲಿಲ್ಲ.

ಕೊನೆಯ ಪುಟದ ನಂಬರನ್ನು ಭಟ್ಕಳ ಬರುವಷ್ಟರಲ್ಲಿ ಬಾಯಿಪಾಠ ಮಾಡಿದೆ. ಇವತ್ತಿಗೆ ಇಪ್ಪತ್ತೆರಡು ದಿನ ಆಯಿತು. ಹತ್ತೂ ಅಂಕಿ ಹಿಂದಿನಿಂದಲೂ ಹೇಳಬಲ್ಲೆ. ಇನ್ನೂ ಒಂದು ಸಲವೂ ಒತ್ತಿಲ್ಲ.